ಕಾರ್ಡು, ವಿಡಿಯೊ, ಬಾಣ, ಕೊಳೆ ಅಡಿಕೆ: ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಯಾವುದು ವಾಸಿ?

ಬಿ.ಎಸ್ಸಿ. ಮೊದಲ ವರ್ಷದಲ್ಲಿ ನನ್ನನ್ನು ಅಳಿಸಿದ್ದು ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದೇ. ಮನೆ ತೀರ್ಥಹಳ್ಳಿ ಹತ್ತಿರ, ಕಾಲೇಜು ಶಿವಮೊಗ್ಗದಲ್ಲಿ. ಮೊದಲ ಟೆಸ್ಟಲ್ಲಿ 20ಕ್ಕೆ 5 ಬಂತು. ಆಮೇಲೆ ಆರು ತಿಂಗಳು ನಾಲ್ಕು ರೀತಿಯಲ್ಲಿ ಓದಿ ನೋಡಿದೆ. ಟ್ಯೂಷನ್‌ಗೆ ಹೋಗಿಲ್ಲ, ಹಾಗಾಗಿ ಅದರ ಸುದ್ದಿ ಬೇಡ.

ಮೊದಲು ಹಿಡಿದದ್ದು ಕಾರ್ಡು. ಹಳೇ ಮದುವೆ ಕಾಗದ ಕತ್ತರಿಸಿ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಬರೆದೆ. ಬಸ್ಸಲ್ಲಿ ಓದುವುದಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಗಾಜನೂರು ದಾಟುವಾಗ ತೆಗೆದರೆ ಮಂಡಗದ್ದೆ ಬರುವಷ್ಟರಲ್ಲಿ ಒಂದು ಕಟ್ಟು ಮುಗಿಯುತ್ತಿತ್ತು, ಸೀಟು ಸಿಕ್ಕಿದ್ದರೆ. ಹೆಸರುಗಳಿಗೆ ಕಾರ್ಡೇ ಸರಿ. ಮೀಥ್ ಅಂದರೆ ಒಂದು ಕಾರ್ಬನ್, ಎಥ್ ಅಂದರೆ ಎರಡು, ಪ್ರೊಪ್ ಅಂದರೆ ಮೂರು. ಮೆಥನೊಯಿಕ್ ಆಮ್ಲದ ಹಿಂದೆ "ಫಾರ್ಮಿಕ್, ಚಗಳಿ ಇರುವೆ" ಅಂತ ಬರೆದಿದ್ದೆ. ಚಗಳಿ ಚಟ್ನಿ ತಿಂದವರಿಗೆ ಅದು ಮರೆಯಲ್ಲ.

ಆದರೆ ರಿಯಾಕ್ಷನ್‌ಗಳನ್ನೂ ಕಾರ್ಡಿಗೆ ಇಳಿಸಿದ್ದು ನನ್ನ ದಡ್ಡತನ. ಪ್ರೊಪೀನ್‌ಗೆ ಎಚ್‌ಬಿಆರ್ (ಹೈಡ್ರೋಜನ್ ಬ್ರೋಮೈಡ್) ಸೇರಿಸಿದರೆ 2-ಬ್ರೋಮೊಪ್ರೊಪೇನ್, ಬಾಯಿಪಾಠ. ಟೆಸ್ಟಲ್ಲಿ ಪ್ರೊಪೀನ್ ಬದಲು 1-ಮೀಥೈಲ್‌ಸೈಕ್ಲೊಹೆಕ್ಸೀನ್ ಕೊಟ್ಟರು. ನನ್ನ ಕಟ್ಟಿನಲ್ಲಿ ಆ ಕಾರ್ಡೇ ಇರಲಿಲ್ಲ!

ಆಮೇಲೆ ವಿಡಿಯೊ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬರಲ್ಲ, ಹಿಂದಿನ ಗುಡ್ಡ ಹತ್ತಬೇಕು. ಆಷಾಢದಲ್ಲಿ ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಫೋನು, ಕಾಲಲ್ಲಿ ಇಂಬಳ. ಇಷ್ಟು ಕಷ್ಟಪಟ್ಟು ನೋಡಿದ್ದು ತಲೆಗೆ ಹತ್ತಲೇಬೇಕು ಅಲ್ವಾ? ನೋಡುವಾಗ ಎಲ್ಲಾ ಅರ್ಥವಾದ ಹಾಗೇ ಇರುತ್ತಿತ್ತು. ಮನೆಗೆ ಬಂದು ಹಾಳೆ ಹಿಡಿದರೆ ಎರಡನೇ ಸಾಲಿಗೆ ಕೈ ನಿಲ್ಲುತ್ತಿತ್ತು. ಅರ್ಥವಾಗಿದ್ದು ಪಾಠ ಮಾಡಿದವರಿಗೆ, ನನಗಲ್ಲ. ಒಂದೇ ತಿಂಗಳಿಗೆ ಬಿಟ್ಟೆ.

ನನ್ನನ್ನು ಉಳಿಸಿದ್ದು ಬಾಣ, ಅಂದರೆ ರಿಯಾಕ್ಷನ್‌ನಲ್ಲಿ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ಗೆರೆ. ಅಪ್ಪನ ಹತ್ತಿರ ಮಂಡಿಯ ಹಳೇ ಚೀಟಿಗಳ ಕಂತೆ ಇತ್ತು, ಹಿಂಬದಿ ಖಾಲಿ. ಅದರ ಮೇಲೆ ದಿನಾ ಹತ್ತು ರಿಯಾಕ್ಷನ್ ಬಾಣ ಹಾಕಿ ಬರೆದೆ. ಬಾಣ ಹೊರಡುವುದು ಎಲೆಕ್ಟ್ರಾನ್ ಜೋಡಿ ಇರುವ ಕಡೆಯಿಂದ, ಮುಟ್ಟುವುದು ಅದು ಹೋಗುವ ಕಡೆಗೆ. ನಾನು ಅಲ್ಲಿವರೆಗೂ ಎಚ್‌ಬಿಆರ್‌ನ ಹೈಡ್ರೋಜನ್‌ನಿಂದ ಪ್ರೊಪೀನ್‌ನ ಡಬಲ್ ಬಾಂಡ್ (ಎರಡು ಕಾರ್ಬನ್ ನಡುವಿನ ಜೋಡಿ ಕೊಂಡಿ) ಕಡೆಗೆ ಎಳೆಯುತ್ತಿದ್ದೆ, ಪೂರಾ ಉಲ್ಟಾ. ಡಬಲ್ ಬಾಂಡಿನ ಎಲೆಕ್ಟ್ರಾನ್ ಹೋಗಿ ಹೈಡ್ರೋಜನ್ನನ್ನು ಹಿಡಿಯುತ್ತದೆ. ಆಗ ಪಕ್ಕದ ಕಾರ್ಬನ್ ಮೇಲೆ ಪ್ಲಸ್ ಉಳಿಯುತ್ತದೆ. ಸುತ್ತ ಬೇರೆ ಕಾರ್ಬನ್‌ಗಳು ಜಾಸ್ತಿ ಇದ್ದಷ್ಟೂ ಆ ಪ್ಲಸ್ ನೆಮ್ಮದಿಯಾಗಿರುತ್ತದೆ. ಬ್ರೋಮೈಡ್ ಬಂದು ಅಲ್ಲೇ ಕೂರುತ್ತದೆ. ಇಷ್ಟು ಗೊತ್ತಾದ ಮೇಲೆ ಟೆಸ್ಟಿನ ಆ ಪ್ರಶ್ನೆ ಮತ್ತೆ ಬರೆದೆ. 1-ಬ್ರೋಮೊ-1-ಮೀಥೈಲ್‌ಸೈಕ್ಲೊಹೆಕ್ಸೇನ್. ಕಾರ್ಡು ಬೇಕಾಗಲಿಲ್ಲ. ಪೆರಾಕ್ಸೈಡ್ ಹಾಕಿದಾಗ ಯಾಕೆ ಬ್ರೋಮಿನ್ ಇನ್ನೊಂದು ತುದಿಗೆ ಹೋಗುತ್ತದೆ ಅನ್ನುವುದೂ ಹೀಗೇ ಗೊತ್ತಾಯಿತು. ಅಲ್ಲಿ ಓಡಾಡುವುದು ಒಂಟಿ ಎಲೆಕ್ಟ್ರಾನ್, ಬಾಣಕ್ಕೂ ಅರ್ಧ ತಲೆ.

ಬ್ರೋಮಿನ್ ಯಾವ ಕಾರ್ಬನ್ ಮೇಲೆ ಕೂರುತ್ತದೆ ಅನ್ನುವ ನಿಯಮವನ್ನು ರಷ್ಯಾದ ಕೆಮಿಸ್ಟ್ ಮಾರ್ಕೊವ್ನಿಕೊವ್ ಹೇಳಿದ್ದು 1870ರ ಸುಮಾರಿಗೆ. ಎಲೆಕ್ಟ್ರಾನ್ ಪತ್ತೆಯಾಗಿದ್ದು 1897ರಲ್ಲಿ. ಪಾಪ, ಅವನಿಗೆ ಬಾಣ ಹಾಕುವ ದಾರಿಯೇ ಇರಲಿಲ್ಲ. ನಮಗೆ ಇದ್ದೂ ಬಾಯಿಪಾಠ ಮಾಡುತ್ತೇವಲ್ಲ!

ಬಾಣ ಸೋತದ್ದು ಒಂದೇ ಕಡೆ, ಕನ್ನಡಿ ಬಿಂಬದ ಅಣುಗಳಲ್ಲಿ. ಹಾಳೆ ಮೇಲೆ ಮೀಥೇನ್ ಬರೆದರೆ ಪ್ಲಸ್ ಗುರುತಿನ ಹಾಗೆ 90 ಡಿಗ್ರಿ ಕಾಣುತ್ತದೆ, ನಿಜವಾದ ಕೋನ 109.5. ಪ್ಲಾಸ್ಟಿಕ್ ಮಾಡೆಲ್ ಸೆಟ್ ಸಿಗುತ್ತದೆ, ನಾನು ಕೊಳ್ಳಲಿಲ್ಲ. ಆ ವರ್ಷ ತೋಟದಲ್ಲಿ ಕೊಳೆರೋಗ ಬಂದು ಎಳೆ ಅಡಿಕೆ ರಾಶಿ ಉದುರಿತ್ತು. ಕಾರ್ಬನ್ ಬದಲಿಗೆ ಎರಡು ಕಾಯಿ ತಂದು ದಬ್ಬಣದಲ್ಲಿ ನಾಲ್ಕು ನಾಲ್ಕು ತೂತು ಮಾಡಿದೆ. ಮೂರು ಹಿಡಿಕಡ್ಡಿ ಸ್ಟೂಲಿನ ಕಾಲಿನ ಹಾಗೆ ಕೆಳಕ್ಕೆ, ಒಂದು ನೆಟ್ಟಗೆ ಮೇಲಕ್ಕೆ. ತುದಿಗಳಿಗೆ ಸೂಜಿಮೆಣಸು, ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ದಾಸವಾಳದ ಮೊಗ್ಗು. ಎರಡನೇದನ್ನು ಮೊದಲನೇದರ ಕನ್ನಡಿ ಬಿಂಬದಂತೆ ಕಟ್ಟಿದೆ. ಹೇಗೆ ತಿರುಗಿಸಿದರೂ ಎರಡೂ ಹೊಂದಲಿಲ್ಲ. ಮೆಣಸು, ಮೊಗ್ಗು ಹೊಂದಿದರೆ ಈರುಳ್ಳಿ ಇರುವಲ್ಲಿ ಬೆಳ್ಳುಳ್ಳಿ. ಕಾರ್ವೋನ್ ಅನ್ನುವ ಅಣುವಿನ ಒಂದು ರೂಪ ಸ್ಪಿಯರ್‌ಮಿಂಟ್ ಪುದೀನದ ವಾಸನೆ, ಅದರ ಕನ್ನಡಿ ರೂಪ ಸಬ್ಬಸಿಗೆ ಬೀಜದಲ್ಲಿರುವುದು ಅಂತ ಓದಿದ್ದು ಆಗ ನಂಬಿಕೆಗೆ ಬಂತು.

"ಎಂತದೇ ಅದು?" ಅಂದರು ಅಪ್ಪ.

"ಅಣು, ಅಪ್ಪ."

"ಅಂತೂ ಕೊಳೆ ಅಡಿಕೆಗೂ ಒಂದು ಗಿರಾಕಿ ಸಿಕ್ತು."

ಮಾಡೆಲ್ ಬೇಕಾಗುವುದು ಆ ಒಂದೆರಡು ಅಧ್ಯಾಯಕ್ಕೆ ಮಾತ್ರ. ಬಾಣಕ್ಕೆ ದಿನಾ ಮುಕ್ಕಾಲು ಗಂಟೆ ಬೇಕು, ಕಾರ್ಡಿಗೆ ಬಸ್ಸೇ ಸಾಕು. ವಿಡಿಯೊ ಈಗಲೂ ನೋಡುತ್ತೇನೆ, ಆದರೆ ಬಾಣ ಎಲ್ಲಿ ಸಿಕ್ಕಿಕೊಂಡಿತೋ ಆ ಐದು ನಿಮಿಷ ಮಾತ್ರ. ಅಡಿಕೆ ಅಣುಗಳು ಎಂಟು ದಿನಕ್ಕೆ ನಾತ ಹೊಡೆದವು. ಅಮ್ಮ ಬೆಳ್ಳುಳ್ಳಿ, ಈರುಳ್ಳಿ ಕಿತ್ತಿಟ್ಟುಕೊಂಡು ಉಳಿದದ್ದನ್ನು ಗೊಬ್ಬರದ ಗುಂಡಿಗೆ ಎಸೆದರು.