ಓಝೋನ್ ತೂತು ನೋಡಲು ವಿಮಾನ, ಬಲೂನ್, ಉಪಗ್ರಹ: ಮೂರರ ಡೇಟಾ ನಾನೇ ಬಿಡಿಸಿ ನೋಡಿದೆ

ಅಕ್ಕನ ಮಗಳು ಕಾಲೇಜಿನ ಓಝೋನ್ ದಿನಕ್ಕೆ ಭಾಷಣ ಬರೆಯುತ್ತಿದ್ದಳು. ಮಲ್ಲೇಶ್ವರದ ನಮ್ಮ ಮನೆಯ ಊಟದ ಮೇಜಿನ ತುಂಬ ಪುಸ್ತಕ ಹರಡಿಕೊಂಡಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತಿ ಕೇಳಿದಳು: "ಚಿಕ್ಕಮ್ಮ, 1987ರಲ್ಲಿ ಉಪಗ್ರಹ ಇತ್ತಲ್ವಾ? ಮತ್ತೆ ಅಂಟಾರ್ಕ್ಟಿಕಾ ಮೇಲೆ ಒಬ್ಬನೇ ಪೈಲಟ್ ಇರೋ ವಿಮಾನ ಯಾಕೆ ಕಳಿಸಿದ್ರು?"

ಒಳ್ಳೆಯ ಪ್ರಶ್ನೆ. ನಾನು ಹೇಳಿದ ಉತ್ತರ ಅವಳಿಗೂ ಸಮಾಧಾನ ತರಲಿಲ್ಲ, ನನಗೂ ತರಲಿಲ್ಲ. ಆಫೀಸಿನಲ್ಲಿ ದಿನವಿಡೀ ಅಂಕಿಅಂಶಗಳ ಜೊತೆಗೇ ನನ್ನ ಕೆಲಸ. ಈ ಡೇಟಾ ಎಲ್ಲ ಉಚಿತವಾಗಿ ಸಿಗುತ್ತದೆ. ಹಾಗಾಗಿ ಎರಡು ತಿಂಗಳು ರಾತ್ರಿ ಊಟ ಆದ ಮೇಲೆ ಕೂತು ವಿಮಾನ, ಬಲೂನ್, ಉಪಗ್ರಹ ಮೂರರ ಫೈಲುಗಳನ್ನೂ ಬಿಡಿಸಿದೆ. ಮೂರಕ್ಕೂ ಕೇಳಿದ್ದು ಒಂದೇ: ಓಝೋನ್ ಎಲ್ಲಿ ಕಮ್ಮಿಯಾಗಿದೆ, ಯಾಕೆ ಕಮ್ಮಿಯಾಗಿದೆ?

ಮೊದಲು ಎರಡು ಮಾತು. ಚಳಿಗಾಲದಲ್ಲಿ ಅಂಟಾರ್ಕ್ಟಿಕಾದ ಮೇಲೆ, ಓಝೋನ್ ಇರುವ ಎತ್ತರದ ಗಾಳಿಪದರವಾದ ಸ್ಟ್ರಾಟೋಸ್ಫಿಯರ್‌ನಲ್ಲಿ, ಗಾಳಿ ದೊಡ್ಡ ಸುಳಿಯಾಗಿ ತಿರುಗುತ್ತದೆ. ಹೊರಗಿನ ಗಾಳಿ ಸುಲಭವಾಗಿ ಒಳಗೆ ಬರುವುದಿಲ್ಲ. ಒಳಗೆ ಮೈನಸ್ 78 ಡಿಗ್ರಿಗಿಂತ ಕೆಳಗಿಳಿದಾಗ ತೆಳು ಮೋಡಗಳು ಕಟ್ಟುತ್ತವೆ. ಆ ಮೋಡಗಳ ಮೇಲೆ ಕ್ಲೋರಿನ್ ಬಿಡುಗಡೆಯಾಗಿ, ಬಿಸಿಲು ಮರಳಿದಾಗ ಓಝೋನನ್ನು ತಿನ್ನುತ್ತದೆ. ಇದು ಇವತ್ತಿನ ತಿಳಿವಳಿಕೆ. 1987ರಲ್ಲಿ ಇದರ ಬಗ್ಗೆ ಜಗಳವಿತ್ತು. ಕ್ಲೋರಿನ್ ಕಾರಣ ಅಂತ ಒಂದು ಗುಂಪು. ಕೆಳಗಿನಿಂದ ಓಝೋನ್ ಇಲ್ಲದ ಗಾಳಿ ಮೇಲೇರುತ್ತಿದೆ ಅಂತ ಇನ್ನೊಂದು. ಸೂರ್ಯನ ಚಟುವಟಿಕೆಯೇ ಕಾರಣ ಅಂತ ಮತ್ತೊಂದು.

ಬಲೂನಿನಿಂದ ಶುರು ಮಾಡಿದೆ, ಫೈಲು ಚಿಕ್ಕದು ಅಂತ. ಓಝೋನ್‌ಸೋಂಡ್ ಅಂದರೆ ಒಂದು ಸಣ್ಣ ಪೆಟ್ಟಿಗೆ. ಒಳಗೊಂದು ಪುಟ್ಟ ಪಂಪು, ಪೊಟ್ಯಾಸಿಯಂ ಅಯೊಡೈಡ್ ದ್ರಾವಣ. ಗಾಳಿಯ ಓಝೋನ್ ದ್ರಾವಣಕ್ಕೆ ತಾಗಿದಾಗ ಹರಿಯುವ ಸಣ್ಣ ವಿದ್ಯುತ್ತೇ ಅಳತೆ. ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಏರುತ್ತಾ 30 ಕಿ.ಮೀ. ಮುಟ್ಟುತ್ತದೆ. ದಕ್ಷಿಣ ಧ್ರುವದ ಅಕ್ಟೋಬರ್ ತಿಂಗಳ ಒಂದು ಫೈಲು ತೆಗೆದು ಗೆರೆ ಎಳೆದೆ. 14ರಿಂದ 20 ಕಿ.ಮೀ. ನಡುವೆ ಯಾರೋ ಕಚ್ಚಿ ತೆಗೆದ ಹಾಗಿತ್ತು! ಅದರ ಮೇಲೆ ಓಝೋನ್ ಮತ್ತೆ ತುಂಬಿಕೊಳ್ಳುತ್ತದೆ. ಎತ್ತರದ ವಿಷಯದಲ್ಲಿ ಬಲೂನಿನಷ್ಟು ನಿಖರವಾಗಿ ಮಿಕ್ಕೆರಡೂ ತೋರಿಸಲಿಲ್ಲ. ಖರ್ಚೂ ಕಮ್ಮಿ. ಆದರೆ ಅದು ಹೇಳಿದ್ದು "ಓಝೋನ್ ಹೋಯ್ತು" ಅಂತ ಮಾತ್ರ. ಯಾರು ತಿಂದರು ಅಂತ ಹೇಳಲು ಅದರ ಹತ್ತಿರ ಉಪಕರಣವೇ ಇಲ್ಲ.

ಆಮೇಲೆ ಉಪಗ್ರಹ. 1987ರಲ್ಲಿ ಇದ್ದ ನಿಂಬಸ್-7 ಉಪಗ್ರಹದ ಉಪಕರಣ ಮೇಲಿನಿಂದ ಕೆಳಗಿನವರೆಗಿನ ಒಟ್ಟು ಓಝೋನ್ ಹೇಳುತ್ತಿತ್ತು, ಅದೂ ಬಿಸಿಲಿದ್ದರೆ ಮಾತ್ರ. ನಾನು ಬಳಸಿದ್ದು 2004ರಲ್ಲಿ ಹಾರಿದ ಆರಾ ಉಪಗ್ರಹದ ಎಂಎಲ್‌ಎಸ್ ಅನ್ನುವ ಉಪಕರಣದ ಡೇಟಾ. ಗಾಳಿಯೇ ಹೊಮ್ಮಿಸುವ ಮೈಕ್ರೋವೇವ್ ಹಿಡಿಯುವುದರಿಂದ ಇದಕ್ಕೆ ಧ್ರುವದ ಆರು ತಿಂಗಳ ಕತ್ತಲೂ ಅಡ್ಡಿಯಲ್ಲ. ದಿನಕ್ಕೆ ಸುಮಾರು 3,500 ಕಡೆ ಅಳತೆ. ಕ್ಲೋರಿನ್ ಓಝೋನನ್ನು ತಿಂದಾಗ ಹುಟ್ಟುವ ಕ್ಲೋರಿನ್ ಮೊನಾಕ್ಸೈಡನ್ನೂ ಅಳೆಯುತ್ತದೆ. ಒಂದು ಚಳಿಗಾಲದ ಎಲ್ಲ ದಿನಗಳನ್ನೂ ಸಾಲಾಗಿ ಓಡಿಸಿದಾಗ ತೂತು ಹುಟ್ಟಿ, ಹಿಗ್ಗಿ, ಮುಚ್ಚುವುದು ಕಣ್ಣಿಗೆ ಕಂಡಿತು. ಅಕ್ಕನ ಮಗಳು ಅದನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದಳು.

ತೊಡಕೂ ಇದೆ. ಒಂದು ಅಳತೆಯಿಂದ ಇನ್ನೊಂದಕ್ಕೆ ಸುಮಾರು 165 ಕಿ.ಮೀ. ದೂರ. ಅಂದರೆ ಬೆಂಗಳೂರಲ್ಲೊಂದು ಚುಕ್ಕೆ, ಮುಂದಿನದು ಮೈಸೂರು ದಾಟಿದ ಮೇಲೆ. ಓಝೋನಿನ ಎತ್ತರದಲ್ಲೂ ಸುಮಾರು 3 ಕಿ.ಮೀ. ದಪ್ಪದ ಪದರ ಒಂದೇ ಅಂಕಿಯಾಗಿ ಬರುತ್ತದೆ. ಸುಳಿಯ ಗೋಡೆ, ಅಂದರೆ ಅದರ ಅಂಚು, ಈ ಅಳತೆಯಲ್ಲಿ ಮಸುಕಾಗಿ ಹೋಗುತ್ತದೆ. ಇನ್ನೊಂದು ವಿಷಯ, ಪ್ರಯತ್ನಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬಲೂನಿನ ಜೊತೆ ತಾಳೆ ನೋಡಲು ದಕ್ಷಿಣ ಧ್ರುವದ ಅಳತೆ ಹುಡುಕುತ್ತಾ ನಾನು ಎರಡು ರಾತ್ರಿ ಕಳೆದೆ. ಸಿಗಲೇ ಇಲ್ಲ. ಎಂಎಲ್‌ಎಸ್ ನೋಟ 82 ಡಿಗ್ರಿ ಅಕ್ಷಾಂಶಕ್ಕೇ ನಿಲ್ಲುತ್ತದೆ, ಧ್ರುವದ ನೆತ್ತಿಗೆ ಬರುವುದೇ ಇಲ್ಲ. ಕೊನೆಗೆ ಅಂಟಾರ್ಕ್ಟಿಕಾದಲ್ಲೇ 70 ಡಿಗ್ರಿ ಹತ್ತಿರವಿರುವ ಜರ್ಮನಿಯ ನೊಯ್‌ಮಾಯರ್ ನೆಲೆಯ ಬಲೂನ್ ತೆಗೆದುಕೊಂಡೆ. ನಮ್ಮ ಮೈತ್ರಿ ನೆಲೆಯೂ ಹೆಚ್ಚುಕಮ್ಮಿ ಅದೇ ಅಕ್ಷಾಂಶದಲ್ಲಿದೆ.

ಈಗ ವಿಮಾನ. ಇದಕ್ಕೇ ಜಾಸ್ತಿ ರಾತ್ರಿ ಕೊಟ್ಟೆ.

1987ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಾಸಾದ ಈಆರ್-2 ಚಿಲಿ ದೇಶದ ಪುಂಟಾ ಅರೆನಾಸ್‌ನಿಂದ ಹಾರಿತು. ಒಂದೇ ಎಂಜಿನ್, ಒಬ್ಬನೇ ಪೈಲಟ್, ಉದ್ದನೆಯ ರೆಕ್ಕೆ. 53 ಡಿಗ್ರಿಯಿಂದ ಹೊರಟು 72 ಡಿಗ್ರಿವರೆಗೆ ಹೋಗಿ ಬರಬೇಕು. ಕೆಳಗೆ ಹೆಪ್ಪುಗಟ್ಟುವ ಸಮುದ್ರ. ಬೆಂಗಳೂರಲ್ಲಿ ನೀರು 97 ಡಿಗ್ರಿಗೆ ಕುದಿಯುತ್ತದೆ. 19 ಕಿ.ಮೀ. ಎತ್ತರದಲ್ಲಿ ನಮ್ಮ ಮೈಯ ಬಿಸಿಯೇ ಸಾಕು. ಅದಕ್ಕೇ ಪೈಲಟ್ ಗಗನಯಾತ್ರಿಯ ಥರದ ಉಡುಪು ತೊಟ್ಟು ಗಂಟೆಗಟ್ಟಲೆ ಕೂರಬೇಕು.

ಫೈಲು ಹಳೆಯದು, ಬರೀ ಪಠ್ಯ. ಮೊದಲ ಸಾಲಿನ ಮೊದಲ ಅಂಕಿ, ತಲೆಬರಹ ಎಷ್ಟು ಸಾಲು ಅಂತ ಹೇಳುತ್ತದೆ. ಸಮಯ ಗಂಟೆಯಲ್ಲಿಲ್ಲ, ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡು ಅಂತ ಇದೆ. ನನ್ನ ಮೊದಲ ಗ್ರಾಫಿನಲ್ಲಿ ಓಝೋನ್ ಗೆರೆ ಸೀದಾ ಆಕಾಶಕ್ಕೆ ಚುಚ್ಚಿಕೊಂಡಿತ್ತು. ಅಳತೆ ಸಿಗದ ಕಡೆ 9ಗಳ ಸಾಲು ತುಂಬಿರುತ್ತಾರೆ, ಅದನ್ನು ನಾನು ಓಝೋನ್ ಅಂತ ಓದಿಸಿದ್ದೆ. ತೆಗೆದ ಮೇಲೆ ಸರಿಹೋಯಿತು.

ಆಗಸ್ಟ್ 23ರ ಹಾರಾಟ ಮೊದಲು ಬಿಡಿಸಿದೆ. ವಿಮಾನ ದಕ್ಷಿಣಕ್ಕೆ ಹೋಗುತ್ತಾ ಸುಳಿಯ ಗೋಡೆ ದಾಟುತ್ತದೆ. ಕ್ಲೋರಿನ್ ಮೊನಾಕ್ಸೈಡ್ ಗೆರೆ ಮೇಲೆದ್ದಿದೆ. ಓಝೋನ್ ಇನ್ನೂ ಅಷ್ಟಾಗಿ ಇಳಿದಿಲ್ಲ. ಅದರ ಮೇಲೆ ಸೆಪ್ಟೆಂಬರ್ 16ರದ್ದು ಹಾಕಿದೆ. 68 ಡಿಗ್ರಿ ಹತ್ತಿರದವರೆಗೆ ಕ್ಲೋರಿನ್ ಗೆರೆ ತಳಕ್ಕೆ ಅಂಟಿಕೊಂಡಿದೆ. ಆಮೇಲೆ ಒಮ್ಮೆಲೇ ನೂರು ಕೋಟಿ ಕಣಕ್ಕೆ 1ರ ಮಟ್ಟಕ್ಕೆ ಹಾರುತ್ತದೆ. ಅದೇ ಜಾಗದಲ್ಲಿ ಓಝೋನ್ ಧೊಪ್ಪೆಂದು ಬೀಳುತ್ತದೆ. ಒಂದು ಗೆರೆಯ ಸಣ್ಣ ಏರಿಳಿತಕ್ಕೂ ಇನ್ನೊಂದು ತಲೆಕೆಳಗಾಗಿ ಉತ್ತರ ಕೊಡುತ್ತದೆ. ನಾನು ಕುರ್ಚಿ ಬಿಟ್ಟು ಎದ್ದು ನಿಂತೆ.

ಇದು ಉಪಗ್ರಹದಲ್ಲಿ ಯಾಕೆ ಹೀಗೆ ಕಾಣಲಿಲ್ಲ? ವಿಮಾನ ಸೆಕೆಂಡಿಗೆ ಸುಮಾರು 200 ಮೀಟರ್ ಹೋಗುತ್ತದೆ. ಹತ್ತು ಸೆಕೆಂಡಿಗೊಂದು ಅಳತೆ ಅಂದರೂ 2 ಕಿ.ಮೀ.ಗೊಂದು ಚುಕ್ಕೆ. ಅದಕ್ಕಿಂತ ಮುಖ್ಯ, ಒಂದೇ ಗಾಳಿಯನ್ನು ಒಂದೇ ಹೊತ್ತಿಗೆ ಹಲವು ಉಪಕರಣ ಅಳೆಯುತ್ತವೆ. ಜಗಳ ಬಗೆಹರಿಸಿದ್ದು ಇದೇ. ಅದೇ ವಿಮಾನದಲ್ಲಿದ್ದ ನೈಟ್ರಸ್ ಆಕ್ಸೈಡ್ ಅಳತೆಯನ್ನೂ ನೋಡಿದೆ. ಈ ಅನಿಲ ನೆಲದ ಹತ್ತಿರ ಜಾಸ್ತಿ, ಮೇಲೆ ಹೋದಂತೆ ಕಮ್ಮಿ. ಕೆಳಗಿನ ಗಾಳಿ ಮೇಲೇರಿದ್ದರೆ ಸುಳಿಯೊಳಗೆ ಅದು ಜಾಸ್ತಿ ಇರಬೇಕಿತ್ತು. ಫೈಲಿನಲ್ಲಿ ಕಮ್ಮಿ ಇದೆ. ಗಾಳಿ ಏರಿಲ್ಲ, ಇಳಿದಿದೆ. ಎರಡನೇ ಗುಂಪಿನ ವಾದ ಅಲ್ಲಿಗೇ ಬಿತ್ತು. ಸಾರಜನಕದ ಇನ್ನಿತರ ಆಕ್ಸೈಡುಗಳೂ ಒಳಗೆ ಕಮ್ಮಿ. ಸೂರ್ಯನ ಚಟುವಟಿಕೆ ಈ ಆಕ್ಸೈಡುಗಳನ್ನು ಹೆಚ್ಚಿಸಿ, ಅವು ಓಝೋನ್ ತಿನ್ನುತ್ತವೆ ಅನ್ನುವುದು ಮೂರನೇ ಗುಂಪಿನ ವಾದ. ಸೂರ್ಯನೇ ಕಾರಣವಾಗಿದ್ದರೆ ಅವು ಹೆಚ್ಚಿರಬೇಕಿತ್ತು.

ವಿಮಾನಕ್ಕೂ ಮಿತಿ ಇದೆ. ಆ ವರ್ಷ ಸುಳಿಯೊಳಗೆ ಹೋದದ್ದು 12 ಸಲ ಮಾತ್ರ. ಸುಮಾರು 20 ಕಿ.ಮೀ. ಮೇಲೆ ಅದು ಏರಲಾರದು. ಅದು ಹೋದ ದಾರಿ ಬಿಟ್ಟು ಪಕ್ಕದಲ್ಲಿ ಏನಾಯಿತು ಅಂತ ಗೊತ್ತಾಗುವುದಿಲ್ಲ. ತೂತು ಈ ವರ್ಷ ಎಷ್ಟು ದೊಡ್ಡದು, ಕಳೆದ ವರ್ಷಕ್ಕಿಂತ ಹೇಗೆ ಅಂತ ಕೇಳಿದರೆ ನಾನೂ ಉಪಗ್ರಹದ ಫೈಲನ್ನೇ ತೆರೆಯುತ್ತೇನೆ. ಯಾವ ಎತ್ತರದಲ್ಲಿ ಅಂದರೆ ಬಲೂನು. ಆದರೆ ಯಾಕೆ ಅನ್ನುವ ಪ್ರಶ್ನೆಗೆ ನನ್ನ ಮತ ವಿಮಾನಕ್ಕೆ, ಹತ್ತಿರಕ್ಕೂ ಇನ್ನೆರಡು ಬರುವುದಿಲ್ಲ. ಒಂದೇ ಸಂಜೆ ಬಿಡುವಿದ್ದರೆ ಸೆಪ್ಟೆಂಬರ್ 16ರ ಫೈಲು ಬಿಡಿಸಿ.

ಆ ದಿನಾಂಕ ನನಗೆ ಹೊಳೆದದ್ದು ತಡವಾಗಿ. ಓಝೋನ್ ತಿನ್ನುವ ರಾಸಾಯನಿಕಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿದ್ದದ್ದೂ 1987ರ ಸೆಪ್ಟೆಂಬರ್ 16ರಂದೇ. ಓಝೋನ್ ದಿನ ಆಚರಿಸುವುದೇ ಅದಕ್ಕಾಗಿ. ಅಲ್ಲಿ ಸಹಿ ಹಾಕುತ್ತಿದ್ದ ದಿನವೇ ಇಲ್ಲಿ ಈ ಗೆರೆ ದಾಖಲಾಗುತ್ತಿತ್ತು. ಅಕ್ಕನ ಮಗಳಿಗೆ ಹೇಳಿದಾಗ ಭಾಷಣದ ಮೊದಲ ಪುಟ ಹರಿದು ಹೊಸದಾಗಿ ಬರೆದಳು. ಚಾರ್ಟ್ ಪೇಪರಿನ ಮೇಲೆ ಎರಡು ಗೆರೆಗಳನ್ನೂ ಸ್ಕೆಚ್ ಪೆನ್ನಿನಲ್ಲಿ ಅವಳೇ ಎಳೆದಳು, ಕ್ಲೋರಿನ್ ಕೆಂಪು, ಓಝೋನ್ ನೀಲಿ.

ಅದೇ ಈಆರ್-2 1999-2000ರ ಚಳಿಗಾಲದಲ್ಲಿ ಸ್ವೀಡನ್ನಿನ ಕಿರುನಾದಿಂದ ಉತ್ತರ ಧ್ರುವದ ಕಡೆಗೂ ಹಾರಿತ್ತು. ಆ ಫೈಲುಗಳು ಲ್ಯಾಪ್‌ಟಾಪಿನಲ್ಲಿ ಬಂದು ಕೂತಿವೆ. ಈ ಸಲ 9ಗಳನ್ನು ಮೊದಲೇ ತೆಗೆದಿದ್ದೇನೆ.