ಆನ್‌ಲೈನ್ ಕೋರ್ಸೋ ಕಮ್ಯುನಿಟಿ ಕಾಲೇಜೋ: ಟೆಕ್ಸಾಸಿನಲ್ಲಿ ಗಣಿತದ ಟೀಚರಾಗಲು ಎರಡನ್ನೂ ನೋಡಿದೆ

‘ಟೂ ಇಂಟು ಸಿಕ್ಸ್’ ಎಂದರೆ ಎಷ್ಟು? ನಮಗೆ 12. ಡಲ್ಲಾಸ್ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಊರಿನವರ ತೆರಿಗೆಯ ನೆರವಿನಿಂದ ನಡೆಯುವ ಸ್ಥಳೀಯ ಕಾಲೇಜು) ಬೋರ್ಡಿನ ಮೇಲೆ ಬರೆಯುವ ಮೊದಲೇ ನಾನು ಬಾಯಲ್ಲಿ ಹಾಗಂದೆ. ತಿರುಗಿ ನೋಡಿದರೆ ಸಹಪಾಠಿಗಳೆಲ್ಲ ಬರೆದುಕೊಂಡಿದ್ದು 3. ಅಲ್ಲಿ ‘ಇಂಟು’ ಅಂದರೆ ಭಾಗಾಕಾರ, ಆರರಲ್ಲಿ ಎರಡು ಎಷ್ಟು ಸಲ ಹೋಗುತ್ತೆ ಅಂತ. ಮೈಸೂರಲ್ಲಿ ಬಿ.ಎಡ್. ಮಾಡಿ ಆರು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದ ನನಗೆ ಮೈಯೆಲ್ಲ ಬೆವರು.

ಪದವಿ ಇದ್ದವರಿಗೆ ಟೆಕ್ಸಾಸಿನಲ್ಲಿ ‘ಆಲ್ಟರ್ನೇಟಿವ್ ಸರ್ಟಿಫಿಕೇಶನ್’ ಎಂಬ ದಾರಿ ಇದೆ. ಊರಿನ ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಬೇಕು. ಕನಿಷ್ಠ 300 ಗಂಟೆ ತರಬೇತಿ, ಪರೀಕ್ಷೆಗಳು, ಒಂದು ವರ್ಷ ಸಂಬಳದ ಇಂಟರ್ನ್‌ಶಿಪ್. ತರಬೇತಿ ಎಲ್ಲಿ ಪಡೆಯಬೇಕು ಅನ್ನೋದು ನಮ್ಮ ಆಯ್ಕೆ.

ನಾನು ಮೊದಲು ಸೇರಿದ್ದು ಒಂದು ಖಾಸಗಿ ಆನ್‌ಲೈನ್ ಕೋರ್ಸಿಗೆ, ಹೆಸರು ಬೇಡ. ಮೊದಲಿಗೆ ಕಟ್ಟೋದು ಸ್ವಲ್ಪ, ಉಳಿದದ್ದು ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ. ಮಗು ಮಲಗಿದ ಮೇಲೆ ರಾತ್ರಿ ಹನ್ನೊಂದಕ್ಕೆ ಕೂತರೂ ನಡೆಯುತ್ತೆ. ಆದರೆ ಓದು ಅಂದರೆ ಒಂದು ವಿಡಿಯೊ, ಹತ್ತು ಪ್ರಶ್ನೆ, ಮತ್ತೊಂದು ವಿಡಿಯೊ. ಗಣಿತದವಳಿಗೂ ಇಂಗ್ಲಿಷಿನವನಿಗೂ ಪಿ.ಟಿ. ಮೇಷ್ಟ್ರಿಗೂ ಅದೇ. ಅನುಮಾನ ಬಂದು ಒಂದು ಲೆಸನ್ ಪ್ಲಾನಿನಲ್ಲಿ ಬೇಕಂತಲೇ ಒಂದು ಲೆಕ್ಕ ತಪ್ಪು ಹಾಕಿ ಕಳಿಸಿದೆ. ‘ಗ್ರೇಟ್ ಜಾಬ್!’ ಅಂತ ಉತ್ತರ ಬಂತು. ಮೂರು ತಿಂಗಳಿಗೆ ಬಿಟ್ಟೆ. ಕಟ್ಟಿದ ದುಡ್ಡು ಹೋಯಿತು.

ಕಮ್ಯುನಿಟಿ ಕಾಲೇಜು ವಾರಕ್ಕೆರಡು ಸಂಜೆ, ಕಾರಲ್ಲಿ ನಲವತ್ತು ನಿಮಿಷ. ಆ ಕಾಲೇಜಿಗೆ ತೆರಿಗೆ ಕಟ್ಟುವ ಜಿಲ್ಲೆಯೊಳಗೆ ಮನೆ ಇದ್ದವರಿಗೆ ಫೀಸು ಕಡಿಮೆ. ನಮ್ಮ ಮನೆ ಗಡಿಯಾಚೆ, ಹಾಗಾಗಿ ಹೆಚ್ಚೇ ತೆತ್ತೆ. ಆದರೆ ಗಣಿತದವರಿಗೇ ಬೇರೆ ಕ್ಲಾಸು, ಹೇಳಿಕೊಟ್ಟವರು ಪಬ್ಲಿಕ್ ಸ್ಕೂಲಿನಿಂದ (ಅಲ್ಲಿ ಅಂದರೆ ಸರ್ಕಾರಿ ಶಾಲೆ) ನಿವೃತ್ತರಾದ ಮೇಡಂ. ಸ್ಲೋಪ್ (ಗೆರೆಯ ಇಳಿಜಾರು, ಸೂತ್ರದಲ್ಲಿ m) ಪಾಠದ ದಿನ ಸೂತ್ರ ಬರೆಯಲು ಬಿಡಲಿಲ್ಲ. ಟೇಪು ಕೊಟ್ಟು ಹೊರಗೆ ವೀಲ್‌ಚೇರ್ ರ‍್ಯಾಂಪಿನ ಹತ್ತಿರ ಕರಕೊಂಡು ಹೋದರು. ನಿಯಮದಂತೆ ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಮಂಡಿಯೂರಿ ಅಳೆದೆವು. ನಮ್ಮ y = mx + c ಅಲ್ಲಿ y = mx + b ಆಗುತ್ತೆ ಅನ್ನೋದು ಸಣ್ಣ ವಿಷಯ; m ಅಂದರೆ ಏನು ಅಂತ ಕೈಗೆ ಗೊತ್ತಾಗಿದ್ದು ಅವತ್ತೇ.

ಪರೀಕ್ಷೆಗೆ ಮಾತ್ರ ಆನ್‌ಲೈನಿನವರ ಮಾದರಿ ಪ್ರಶ್ನೆಪತ್ರಿಕೆಗಳೇ ಹೆಚ್ಚು ಉಪಯೋಗಕ್ಕೆ ಬಂದವು. 7ರಿಂದ 12ನೇ ತರಗತಿಯ ಗಣಿತಕ್ಕೆ 100 ಪ್ರಶ್ನೆ, ಐದು ಗಂಟೆ, ಪಾಸಾಗಲು 300ರ ಅಳತೆಯಲ್ಲಿ 240 ಅಂಕ. ಹಳೇ ಬಿ.ಎಸ್ಸಿ. ಕ್ಯಾಲ್ಕುಲಸ್ ನೋಟ್ಸನ್ನೂ ಅಮ್ಮನ ಹತ್ತಿರ ಫೋಟೊ ತೆಗೆಸಿ ತರಿಸಿಕೊಂಡೆ.

ಅಭ್ಯಾಸ ಪಾಠದ ಮಾತು ಬಂದರೆ ಎರಡಕ್ಕಿಂತಲೂ ನಮ್ಮ ಬಿ.ಎಡ್. ಮೇಲು. ಆಗಿನ್ನೂ ಅದು ಒಂದೇ ವರ್ಷ (2015ರಿಂದ ಎರಡಾಯಿತು). ಎರಡು ವಿಷಯ ಸೇರಿ 40 ಪಾಠ, ಚಾರ್ಟು ಬರೆದೂ ಬರೆದೂ ಕೈ ಬಿದ್ದುಹೋಗುತ್ತಿತ್ತು. ಇಲ್ಲಿ ಇಂಟರ್ನ್‌ಶಿಪ್ಪಿಗೆ ಮುಂಚೆ ನಾನು ಶಾಲೆಯಲ್ಲಿ ಕಳೆದದ್ದು 30 ಗಂಟೆ, ಅದರಲ್ಲೂ ಬಹುಪಾಲು ಹಿಂದೆ ಕೂತು ನೋಡಿದ್ದೇ.

ಕೈಗೂಸು ಇದ್ದವರಿಗೆ, ಕಾರಿಲ್ಲದವರಿಗೆ ಆನ್‌ಲೈನೇ ಗತಿ, ಬೈಯೋದಿಲ್ಲ. ಮಿಕ್ಕವರಿಗೆ ಕಾಲೇಜು ಅಂತಲೇ ಹೇಳುತ್ತೇನೆ. ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಕೊಡುವುದು) ಇರುವವರು ಎಲ್ಲಿ ಸೇರಿದರೂ ಫೀಸು ಕಟ್ಟುವ ಮುಂಚೆ ಕೆಲಸದ ಪರವಾನಗಿ ಇದೆಯಾ ನೋಡಿಕೊಳ್ಳಿ. ಇಂಟರ್ನ್‌ಶಿಪ್ ಸಂಬಳದ ಕೆಲಸ. ನನ್ನ ಜೊತೆಯವಳೊಬ್ಬಳು ಪರೀಕ್ಷೆಗಳನ್ನೆಲ್ಲ ಮುಗಿಸಿ ಅಲ್ಲೇ ನಿಂತಿದ್ದಾಳೆ.