ಕನಾಲ್ ದ್ಯು ಮಿದಿ ಸೈಕಲ್ ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮುನ್ನ ಇದನ್ನು ಓದಿ

ದಕ್ಷಿಣ ಫ್ರಾನ್ಸಿನ ಕನಾಲ್ ದ್ಯು ಮಿದಿ ಕಾಲುವೆಯ ಏರಿ ಮೇಲೆ ಸೈಕಲ್ ಪ್ರವಾಸ ಹೋಗಬೇಕು ಅಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ಯಾಕೇಜ್ ಮಾರುವವರ ಪುಟಗಳಲ್ಲಿ ಸಾಮಾನ್ಯವಾಗಿ ಮೂರು ಮಾತು ಇರುತ್ತವೆ: ವಾಹನಗಳ ಕಾಟ ಇಲ್ಲ, ದಾರಿ ಸಮತಟ್ಟು, ಯಾವ ವಯಸ್ಸಿನವರು ಬೇಕಾದರೂ ಹೋಗಬಹುದು. ಮೊದಲಿನ ಎರಡು ಬಹುಮಟ್ಟಿಗೆ ನಿಜ. ಮೂರನೆಯದು ಎಂಥ ಸುಳ್ಳು ಅನ್ನುವುದು ನನ್ನ ತಂಗಿಯ ಎಡಗೈ ಮಣಿಕಟ್ಟಿನ ಎಕ್ಸ್‌ರೇಯಲ್ಲಿದೆ.

ನಮಗೆ ಪ್ಯಾಕೇಜ್ ಕೊಟ್ಟ ಕಂಪನಿಯ ಹೆಸರು ಹಾಕುವುದಿಲ್ಲ. ಇಂಥದ್ದನ್ನೇ ಮಾರುವವರು ಇನ್ನೂ ಹಲವರಿದ್ದಾರೆ, ಯಾರ ಹತ್ತಿರ ಹೋದರೂ ನೀವು ಕೇಳಬೇಕಾದ ಪ್ರಶ್ನೆಗಳು ಇವೇ. ನಾವು ತೆಗೆದುಕೊಂಡದ್ದು ಗೈಡ್ ಇಲ್ಲದ ಪ್ಯಾಕೇಜ್. ಸೈಕಲ್ ಬಾಡಿಗೆ, ಹೋಟೆಲ್, ಒಂದು ಊರಿಂದ ಮುಂದಿನ ಊರಿಗೆ ಸೂಟ್‌ಕೇಸ್ ಸಾಗಿಸುವುದು, ತೊಂದರೆಯಾದರೆ 24 ಗಂಟೆಯೂ ಎತ್ತುವ ಫೋನ್, ಇಷ್ಟು ಅದರಲ್ಲಿ ಸೇರಿತ್ತು. ತೂಲೂಸ್‌ನಿಂದ ಬೆಝಿಯೇವರೆಗೆ ದಾರಿ.

ಕಾಲುವೆ ಬಗ್ಗೆ ಒಂದು ಕೆಟ್ಟ ಮಾತಿಲ್ಲ. 1666ರಲ್ಲಿ ಪಿಯೆರ್ ಪಾಲ್ ರಿಕೆ ಶುರುಮಾಡಿಸಿದ ಕೆಲಸ, 1681ರಲ್ಲಿ ಮುಗಿಯಿತು. ಮುಗಿಯುವ ಕೆಲವೇ ತಿಂಗಳ ಮುಂಚೆ ಅವರು ತೀರಿಕೊಂಡಿದ್ದರು. 240 ಕಿಲೋಮೀಟರ್ ಉದ್ದದ ಈ ಕಾಲುವೆ 1996ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ತೂಲೂಸ್ ಬಿಟ್ಟ ಮೊದಲ 50 ಕಿಲೋಮೀಟರ್ ಸುಮಾರಿಗೆ ಕಣ್ಣುಮುಚ್ಚಿ ಹೋಗುವಂಥ ಡಾಂಬರು ದಾರಿ. ಅಜ್ಜ ಅಜ್ಜಿಯರು, ಹಿಂದೆ ಮಗುವಿನ ಗಾಡಿ ಕಟ್ಟಿಕೊಂಡ ಅಪ್ಪಂದಿರು, ಓಡುವವರು, ಎಲ್ಲರೂ ಇದ್ದರು. ಪ್ಯಾಕೇಜ್ ಮಾರುವವರ ಫೋಟೊಗಳೆಲ್ಲ ಈ ಭಾಗದ್ದೇ ಅಂತ ನಮಗೆ ಗೊತ್ತಾದದ್ದು ಅದು ಮುಗಿದ ಮೇಲೆ.

ಕಾಲುವೆಯ ಅತಿ ಎತ್ತರದ ಜಾಗ ನೊರೂಝ್, ಸಮುದ್ರಮಟ್ಟದಿಂದ 189 ಮೀಟರ್. ಅದರ ಆಸುಪಾಸಿನಲ್ಲೇ ಓತ್ ಗಾರೊನ್ ಜಿಲ್ಲೆಯ ಗಡಿ ಮುಗಿದು ಓದ್ ಜಿಲ್ಲೆ ಶುರುವಾಗುತ್ತದೆ. ಡಾಂಬರೂ ಅಲ್ಲಿಗೇ ನಿಂತುಹೋಗುತ್ತದೆ. ದಾರಿ ಮಾಡಿಸುವುದು ಆಯಾ ಜಿಲ್ಲಾಡಳಿತಗಳ ಹಣದಿಂದ, ಹಾಗಾಗಿ ಕಾಲುವೆ ಒಂದೇ ಆದರೂ ಅದರ ಏರಿ ಒಂದೇ ಥರ ಇರುವುದಿಲ್ಲ. ಓದ್‌ನಲ್ಲೂ ಒಂದೊಂದೇ ಭಾಗವನ್ನು ಗಟ್ಟಿ ಮಾಡುತ್ತ ಬಂದಿದ್ದಾರೆ, ಅದನ್ನು ಹೇಳಲೇಬೇಕು. ಆದರೆ ಆ ಭಾಗಗಳ ನಡುವೆ ಉಳಿದಿರುವುದು ಒಂದು ಸೈಕಲ್ ಮಾತ್ರ ಹಿಡಿಸುವ ಮಣ್ಣಿನ ಕಾಲುದಾರಿ. ಒಂದು ಬದಿ ಪೊದೆ, ಇನ್ನೊಂದು ಬದಿ ಸೀದಾ ನೀರು. ತಡೆಬೇಲಿ ಇಲ್ಲ.

ಮತ್ತೆ ಬೇರುಗಳು. ಏರಿಯುದ್ದಕ್ಕೂ ನೆರಳಿಗೆ ನೆಟ್ಟ ಪ್ಲೇನ್ ಮರಗಳ ಬೇರು ಮಣ್ಣಿನಿಂದ ಮೇಲೆದ್ದು ದಾರಿಗೆ ಅಡ್ಡಡ್ಡ ಹಾದಿರುತ್ತವೆ. ಕೆಲವು ನನ್ನ ತೋಳಿನಷ್ಟು ದಪ್ಪ. ನಾವು ಹೋದದ್ದು ಅಕ್ಟೋಬರ್‌ನಲ್ಲಿ. ಹಿಂದಿನ ರಾತ್ರಿ ಸಮುದ್ರದ ಕಡೆಯಿಂದ ಮರೀನ್ ಅನ್ನುವ ತೇವದ ಗಾಳಿ ಬೀಸಿ ಮಳೆ ಸುರಿದಿತ್ತು. ಉದುರಿದ ಅಗಲವಾದ ಎಲೆಗಳು ಬೇರುಗಳನ್ನು ಪೂರ್ತಿ ಮುಚ್ಚಿಬಿಟ್ಟಿದ್ದವು. ಒದ್ದೆ ಎಲೆ, ಅದರ ಕೆಳಗೆ ತೊಗಟೆ ಕಳಚಿ ನುಣುಪಾದ ಬೇರು. ಮುಂದಿನ ಚಕ್ರ ಓರೆಯಾಗಿ ಅದರ ಮೇಲೆ ಹತ್ತಿದರೆ ಬ್ರೇಕೂ ಕೇಳುವುದಿಲ್ಲ, ಹ್ಯಾಂಡಲ್ಲೂ ಕೇಳುವುದಿಲ್ಲ.

ಈ ದಾರಿಗೆ ಅವರು ಕೊಟ್ಟಿದ್ದ ಟೈರ್ ಯಾವುದು ಗೊತ್ತೆ? ಪಕ್ಕದಲ್ಲಿ ಉಬ್ಬಕ್ಷರದಲ್ಲಿ 28-622 ಅಂತಿತ್ತು. ಅಂದರೆ ಅಗಲ 28 ಮಿಲಿಮೀಟರ್. ಇದು ಡಾಂಬರಿಗೆ ಸರಿಯಾದ ಟೈರ್, ಗಾಳಿಯನ್ನು ಗಟ್ಟಿಯಾಗಿ ತುಂಬಿಸಬೇಕು. ಗಟ್ಟಿ ತುಂಬಿಸಿದರೆ ಬೇರಿನ ಮೇಲೆ ಪುಟಿಯುತ್ತದೆ, ಇಳಿಸಿದರೆ ಟ್ಯೂಬು ರಿಮ್‌ಗೂ ಬೇರಿಗೂ ನಡುವೆ ಸಿಕ್ಕಿ ಹರಿಯುತ್ತದೆ. ನಮ್ಮದು ಹಾಗೇ ಹರಿಯಿತು. ಟ್ಯೂಬ್ ಹೊರಗೆಳೆದು ನೋಡಿದರೆ ಹಾವು ಕಚ್ಚಿದ ಗುರುತಿನ ಹಾಗೆ ಅಕ್ಕಪಕ್ಕ ಎರಡು ಸೀಳು. ಕಿಟ್‌ನಲ್ಲಿ ಒಂದು ಸ್ಪೇರ್ ಟ್ಯೂಬ್ ಇತ್ತು, ಸರಿ. ಟ್ಯೂಬಿಗೆ ಸಪೂರ ಪ್ರೆಸ್ಟಾ ವಾಲ್ವ್, ಜೊತೆಗೆ ಕೊಟ್ಟ ಪಂಪಿನ ಬಾಯಿಯೋ ಕಾರಿನ ಟೈರಿಗಿರುವ ದಪ್ಪ ವಾಲ್ವಿನದ್ದು. ಎದುರಿಂದ ಬಂದ ಡಚ್ ದಂಪತಿ ತಮ್ಮ ಪಂಪ್ ಕೊಡದಿದ್ದರೆ ಅಲ್ಲೇ ಕೂತಿರಬೇಕಿತ್ತು. ಅವರ ಟೈರ್ 47 ಮಿಲಿಮೀಟರಿನದು. ನಮ್ಮ ಟೈರ್ ಮುಟ್ಟಿ ನೋಡಿ ಆತ ತಲೆ ಅಲ್ಲಾಡಿಸಿದ.

ಇದಕ್ಕಿಂತ ನನಗೆ ಹೆಚ್ಚು ಸಿಟ್ಟು ಬಂದದ್ದು ಬಳಸುದಾರಿಯ ವಿಷಯಕ್ಕೆ. ಪ್ಲೇನ್ ಮರಗಳಿಗೆ ಒಂದು ಶಿಲೀಂಧ್ರ ರೋಗ ಹತ್ತಿದೆ. ಈ ಕಾಲುವೆಯಲ್ಲಿ ಅದು ಮೊದಲು ಪತ್ತೆಯಾದದ್ದು 2006ರಲ್ಲಿ. ಔಷಧಿ ಇಲ್ಲ. ರೋಗ ನೀರಿನಲ್ಲೂ ಬೇರಿನಿಂದ ಬೇರಿಗೂ ಹರಡುವುದರಿಂದ ರೋಗ ಬಂದ ಮರವನ್ನೂ ಅಕ್ಕಪಕ್ಕದ್ದನ್ನೂ ಕಡಿಯುವುದೊಂದೇ ದಾರಿ. 42,000ದಷ್ಟಿದ್ದ ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಹೋಗಿವೆ. ಕೆಲವು ಕಡೆ ಮೈಲುಗಟ್ಟಲೆ ಬೋಳು, ನೆರಳೇ ಇಲ್ಲ. ಹೊಸ ಸಸಿಗಳು ಇನ್ನೂ ಚಿಕ್ಕವು. ಮರ ಕಡಿಯುವಾಗ ಆ ಭಾಗದ ಏರಿಯನ್ನು ಮುಚ್ಚುತ್ತಾರೆ. ಇದು ಇದ್ದಕ್ಕಿದ್ದಂತೆ ಆಗುವಂಥದ್ದಲ್ಲ. ಕಾಲುವೆ ನೋಡಿಕೊಳ್ಳುವ ವಿಎನ್‌ಎಫ್ ಸಂಸ್ಥೆ ಮುಂಚಿತವಾಗಿಯೇ ಪ್ರಕಟಣೆ ಹೊರಡಿಸುತ್ತದೆ. ದಿನಾ ಗಿರಾಕಿಗಳನ್ನು ಕಳಿಸುವ ಕಂಪನಿಗೆ ಅದು ಗೊತ್ತಿರಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಕಾರ್ಕಾಸೋನ್ ದಾಟಿ ಟ್ರೆಬ್ ಊರಿನ ಆಚೆ ನಮಗೆ ಸಿಕ್ಕಿದ್ದು ದಾರಿಗಡ್ಡ ಇಟ್ಟ ತಡೆ ಮತ್ತು ಒಂದು ಹಳದಿ ಬಾಣ. ಆ ಬಾಣ ನಮ್ಮನ್ನು ಕರೆದೊಯ್ದದ್ದು ಡಿ610 ಹೆದ್ದಾರಿಗೆ. ಲಾರಿ, ದ್ರಾಕ್ಷಿ ತೋಟದ ಟ್ರ್ಯಾಕ್ಟರ್, ಮನೆಗೆ ಹೋಗುವ ಅವಸರದ ಕಾರುಗಳು. ಫ್ರಾನ್ಸಿನಲ್ಲಿ ಊರಾಚೆ ಸೈಕಲನ್ನು ಹಿಂದಿಕ್ಕುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನಿದೆ, ಹೆಚ್ಚಿನವರು ಬಿಡುತ್ತಾರೆ ಕೂಡ. ಬಿಡದ ಒಬ್ಬ ಸಾಕಲ್ಲ? ಅಲ್ಲಿ ಊರ ಹೊರಗೆ ಕತ್ತಲಾದ ಮೇಲೆ ಸೈಕಲ್ ಹೊಡೆಯುವವರು ಬೆಳಕಿಗೆ ಹೊಳೆಯುವ ಜಾಕೆಟ್ ಹಾಕಲೇಬೇಕು. ನಮ್ಮ ಕಿಟ್‌ನಲ್ಲಿ ಅದೂ ಇರಲಿಲ್ಲ. ಏರಿಯಲ್ಲೇ ಹೋಗುತ್ತೀರಿ, ಬೇಕಾಗುವುದಿಲ್ಲ ಅಂತ ಸೈಕಲ್ ಕೊಡುವಾಗ ಹೇಳಿದ್ದರು.

ಮಾರ್ಸಿಯೆಟ್ ಹತ್ತಿರ ಮತ್ತೆ ಏರಿ ಸೇರಿಕೊಂಡೆವು. ತಂಗಿ ನನ್ನ ಮುಂದೆ ಇದ್ದಳು. ಎಲೆ ರಾಶಿಯ ಮೇಲೆ ಹೋದವಳು ನೀರಿನ ಕಡೆಗೇ ಜಾರಿದಳು. ಕ್ಯಾರಿಯರ್ ಬ್ಯಾಗು ಒಂದು ಬುಡಕ್ಕೆ ಸಿಕ್ಕಿಕೊಂಡದ್ದರಿಂದ ಸೈಕಲ್ ದಡದಲ್ಲೇ ನಿಂತಿತು, ಅವಳು ಎಡಗೈ ಊರಿ ಬಿದ್ದಳು. ಎಬ್ಬಿಸಲು ಹೋದರೆ, "ಅಕ್ಕಾ, ಮುಟ್ಟಬೇಡ, ಬೆರಳೆಲ್ಲ ಜೋಮು ಹಿಡಿದ ಹಾಗಿದೆ" ಅಂದಳು. ನೋಡನೋಡುತ್ತಲೇ ಮಣಿಕಟ್ಟು ಊದಿಕೊಳ್ಳುತ್ತಿತ್ತು.

24 ಗಂಟೆಯ ಆ ಫೋನಿಗೆ ಮಾಡಿದೆ. ಫ್ರೆಂಚಿನಲ್ಲಿ ರೆಕಾರ್ಡ್ ಮಾಡಿದ ಧ್ವನಿ ಬಂತು, ಮತ್ತೆ ಬೀಪ್. ಇನ್ನೊಮ್ಮೆ ಮಾಡಿದರೂ ಅದೇ. ಕೊನೆಗೆ 112ಕ್ಕೆ ಫೋನ್ ಮಾಡಿದೆ. ಆ ಕಡೆಯವರಿಗೆ ಇಂಗ್ಲಿಷ್ ಬರುತ್ತಿತ್ತು, ಮೊದಲು ಕೇಳಿದ್ದೇ ಎಲ್ಲಿದ್ದೀರಿ ಅಂತ. ಸುತ್ತ ದ್ರಾಕ್ಷಿ ತೋಟ, ಒಂದು ಬೋರ್ಡಿಲ್ಲ. ಇಲ್ಲೊಂದು ಉಪಯೋಗದ ವಿಷಯ: ದೋಣಿಗಳನ್ನು ಏರಿಸಿ ಇಳಿಸುವ ಲಾಕ್‌ಗಳ ಪಕ್ಕದ ಹಳೆಯ ಮನೆಗಳ ಗೋಡೆಯಲ್ಲಿ ಆ ಲಾಕ್‌ನ ಹೆಸರು, ಹಿಂದಿನದು ಮುಂದಿನದು ಎಷ್ಟು ದೂರ ಅನ್ನುವುದೆಲ್ಲ ಬರೆದಿರುತ್ತದೆ. ದಾಟುವಾಗ ಒಂದು ಫೋಟೊ ತೆಗೆದಿಡಿ. ಅಂಥ ಫೋಟೊ ನನ್ನ ಫೋನಿನಲ್ಲಿದ್ದದ್ದರಿಂದ ಆಂಬ್ಯುಲೆನ್ಸಿನವರು ನಮ್ಮನ್ನು ಹುಡುಕಿಕೊಂಡು ಬಂದರು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಮೂಳೆ ಬಿರುಕು ಬಿಟ್ಟಿತ್ತು, ಪ್ಲಾಸ್ಟರ್ ಹಾಕಿದರು, ಖರ್ಚನ್ನು ನಮ್ಮ ಪ್ರಯಾಣ ವಿಮೆ ಕೊಟ್ಟಿತು. ಕಂಪನಿ ಉಳಿದ ಹೋಟೆಲ್‌ಗಳ ಹಣ ಹಿಂದಿರುಗಿಸಲಿಲ್ಲ. ಸಾಲದ್ದಕ್ಕೆ ರಿಮ್ ಸೊಟ್ಟಗಾಗಿದೆ ಅಂತ ಕಾರ್ಡಿನ ಮೇಲೆ ತಡೆಹಿಡಿದಿದ್ದ ಡೆಪಾಸಿಟ್‌ನಲ್ಲೂ ಒಂದು ಭಾಗ ಮುರಿದುಕೊಂಡರು. ಕೈ ಮುರಿದವಳಿಂದಲೇ ರಿಮ್ಮಿನ ದುಡ್ಡು ವಸೂಲು ಮಾಡುವುದಕ್ಕೆ ಎಂಥ ಮನಸ್ಸು ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಪ್ರತಿ ದಿನದ ದಾರಿಯಲ್ಲಿ ಎಷ್ಟು ಕಿಲೋಮೀಟರ್ ಡಾಂಬರು, ಎಷ್ಟು ಜಲ್ಲಿ, ಎಷ್ಟು ಬರೀ ಮಣ್ಣು ಅಂತ ಇ-ಮೇಲ್‌ನಲ್ಲಿ ಕೇಳಿ, ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಟೈರಿನ ಅಗಲ ಕೇಳಿ. ನೊರೂಝ್ ದಾಟುವುದಾದರೆ 40 ಮಿಲಿಮೀಟರ್‌ಗಿಂತ ಕಡಿಮೆ ಒಪ್ಪಬೇಡಿ. ನೀವು ಹೋಗುವ ವಾರದಲ್ಲಿ ಯಾವ ಭಾಗ ಮುಚ್ಚಿದೆ, ಬಳಸುದಾರಿ ಯಾವ ರಸ್ತೆಯಲ್ಲಿ ಅಂತ ಕೇಳಿ. ಕಾರ್ಕಾಸೋನ್‌ವರೆಗೆ ರೈಲು ಹಳಿ ಕಾಲುವೆಗೆ ಹತ್ತಿರದಲ್ಲೇ ಇದೆ, ಸಾಕಾದರೆ ಸೈಕಲ್ ಸಮೇತ ಹತ್ತಿಬಿಡಬಹುದು. ಅಲ್ಲಿಂದ ಮುಂದೆ ಹಳಿ ದಕ್ಷಿಣಕ್ಕೆ ಸರಿಯುತ್ತದೆ. ಓಂಪ್ಸ್ ಊರಿನಿಂದ ಲೆಝಿನ್ಯಾನ್ ಸ್ಟೇಶನ್ ಸುಮಾರು 10 ಕಿಲೋಮೀಟರ್, ಅದೂ ರಸ್ತೆಯಲ್ಲಿ.

ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರು ತೂಲೂಸ್‌ನಿಂದ ಪೂರ್ವಕ್ಕೆ ಹೊರಡುವ ಬದಲು ಪಶ್ಚಿಮಕ್ಕೆ ತಿರುಗಿ. ಅಲ್ಲಿ ಗಾರೊನ್ ನದಿಯ ಪಕ್ಕದ ಕಾಲುವೆ ಇದೆ, 1856ರಲ್ಲಿ ಮುಗಿದದ್ದು, 193 ಕಿಲೋಮೀಟರ್. ಅದರ ದಾರಿ ಬಹುಪಾಲು ಡಾಂಬರಿನದು. ಜಾಹೀರಾತಿನವರು ಹೇಳುವ ಆರಾಮದ ಪ್ರಯಾಣ ಇದರಲ್ಲಿ ನಿಜವಾಗಿ ಸಿಗುತ್ತದೆ.

ಈಗಾಗಲೇ ಮುಂಗಡ ಕಟ್ಟಿದವರು ಕಂಪನಿಯ ಪುಟದ ಸ್ಕ್ರೀನ್‌ಶಾಟನ್ನು ಇವತ್ತೇ ತೆಗೆದಿಟ್ಟುಕೊಳ್ಳಿ, ತಾರೀಖು ಕಾಣುವ ಹಾಗೆ. ನಾವು ದೂರು ಕೊಟ್ಟ ಮೇಲೆ ಅವರ ಪುಟದಲ್ಲಿದ್ದ "ಪೂರ್ತಿ ನುಣುಪಾದ ದಾರಿ" ಅನ್ನುವುದು "ಹೆಚ್ಚಿನಂಶ ಒಳ್ಳೆಯ ದಾರಿ" ಅಂತ ಆಗಿದೆ. ಹಳೆಯ ಪುಟ ನನ್ನ ತಂಗಿಯ ಫೋನಿನಲ್ಲಿದ್ದದ್ದರಿಂದ ಡೆಪಾಸಿಟ್ ವಿಷಯದಲ್ಲಿ ಬ್ಯಾಂಕು ನಮ್ಮ ಅರ್ಜಿಯನ್ನು ತೆಗೆದುಕೊಂಡಿದೆ.